ಕೆಂಪು ನಕ್ಷತ್ರದ ರಿಪೋರ್ಟು

2025ರ ಜುಲೈ ನೆನಪಿದೆಯಲ್ಲವೇ? ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದರೆಂಬ ಸುದ್ದಿ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲು ನಿಂತರು. ನಮ್ಮ ಬದನಗುಪ್ಪೆಯಿಂದಲೂ ರೈಲು ಹತ್ತಿದವರಿದ್ದರು. ಅವರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆಯೂ ಒಬ್ಬರು. ಆ ಸಾಲು ನೋಡಿ ಬೆದರಿ, ಯಾವುದೋ ಖಾಸಗಿ ಲ್ಯಾಬಿನಲ್ಲಿ ‘ಪ್ಯಾಕೇಜ್’ ಮಾಡಿಸಿಕೊಂಡು ಬಂದಿದ್ದರು.

“ಸಾ, ಕೊಲೆಸ್ಟ್ರಾಲ್ ಮುಂದೆ ಕೆಂಪು ನಕ್ಸತ್ರ ಹಾಕ್ಬುಟ್ಟವ್ರೆ, ಒಸಿ ನೋಡಿ” ಎಂದು ಕಾಗದ ಚಾಚಿದರು. ಡೆಸಿಲೀಟರಿಗೆ 208 ಮಿಲಿಗ್ರಾಂ. 200 ದಾಟಿತೆಂದು ಯಂತ್ರ ಹಾಕಿದ ಗುರುತು. ಅಷ್ಟರಲ್ಲೇ ಮನೆಯಲ್ಲಿ ಮೊಟ್ಟೆ ನಿಂತಿತ್ತು. ಬಿಸಿಯೂಟದ ಮೊಟ್ಟೆಯನ್ನೂ ಮಗಳು ಮುಟ್ಟಬಾರದೆಂದು ಆಜ್ಞೆಯಾಗಿತ್ತು. ಹುಡುಗಿ ಮೊದಲೇ ಕಡ್ಡಿಯಂತಿದ್ದಾಳೆ!

ಮಕ್ಕಳೇ, ಪ್ರಯೋಗಶಾಲೆಯಲ್ಲಿ ಒಂದೇ ಕಡ್ಡಿಯನ್ನು ಮೂರು ಸಲ ಅಳೆದರೆ ಮೂರು ಉತ್ತರ ಬರುವುದಿಲ್ಲವೇ? ರಕ್ತವೂ ಹಾಗೆಯೇ. ಒಬ್ಬನದೇ ಕೊಲೆಸ್ಟ್ರಾಲ್ ವಾರದಿಂದ ವಾರಕ್ಕೆ ಶೇಕಡಾ 5ರಿಂದ 10ರಷ್ಟು ಏರಿಳಿಯುತ್ತದೆ. ಇಂದು 208 ಇದ್ದದ್ದು ಮುಂದಿನ ವಾರ 196 ಆದರೆ ಅದು ಪಥ್ಯದ ಮಹಿಮೆಯೇನಲ್ಲ. ಅದಲ್ಲದೆ ದೇಹದ ಕೊಲೆಸ್ಟ್ರಾಲಿನಲ್ಲಿ ಹೆಚ್ಚಿನ ಪಾಲನ್ನು ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಬೆಳೆಯುವ ಹುಡುಗಿಯ ಮೊಟ್ಟೆ ಕಿತ್ತುಕೊಂಡರೆ ಅಪ್ಪನ ಎದೆಗೆ ಏನು ಲಾಭ?

ಒಟ್ಟು ಅಂಕಿ ನೋಡಿದರೆ ಸಾಲದು. ಅವರ ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 160 ಇತ್ತು. 1972ರ ಫ್ರೀಡ್‌ವಾಲ್ಡ್ ಸೂತ್ರದಂತೆ ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ, ಬಂದದ್ದನ್ನೂ ಎಚ್‌ಡಿಎಲನ್ನೂ ಒಟ್ಟಿನಿಂದ ಕಳೆಯಿರಿ. 208–46–32, ಅಂದರೆ ಎಲ್‌ಡಿಎಲ್ 130. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯದು. ಸಾಮಾನ್ಯ ಪರೀಕ್ಷೆಗೆ ಉಪವಾಸವೂ ಬೇಕಿಲ್ಲ. ಪಾಪ, ಅವರು ರಾತ್ರಿಯಿಂದ ಹಸಿದೇ ಹೋಗಿದ್ದರು.

130 ತಳ್ಳಿಹಾಕುವ ಅಂಕಿಯಲ್ಲ, ನಿಜ. ಆದರೆ ಅದರ ತೂಕ ತಿಳಿಯುವುದು ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಇವುಗಳ ಜೊತೆಗಿಟ್ಟು ನೋಡಿದಾಗ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಕೋಷ್ಟಕಗಳಲ್ಲಿ ಒಂದಕ್ಕೆ ರಕ್ತ ಪರೀಕ್ಷೆಯೇ ಬೇಡ. ಕೊಲೆಸ್ಟ್ರಾಲಿನ ಬದಲು ಎತ್ತರ, ತೂಕ ಸಾಕು. “ಬಿಪಿ ಎಷ್ಟಿದೆ?” ಎಂದೆ. ನೋಡಿಸಿಯೇ ಇರಲಿಲ್ಲ! ಪ್ಯಾಕೇಜಿನಲ್ಲಿ ಅದು ಸೇರಿರಲಿಲ್ಲವಂತೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಕಾಸಿಲ್ಲದೆ ನೋಡಿದರು: 164/100. ಜೇಬಿನಲ್ಲಿ ಬೀಡಿ ಕಟ್ಟು ಬೇರೆ.

ಹಾಗಾದರೆ ಕೊಲೆಸ್ಟ್ರಾಲ್ ಪರೀಕ್ಷೆ ಯಾರಿಗೆ? ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ 18 ತುಂಬಿದಾಗ ಒಮ್ಮೆ ಮಾಡಿಸಿ ಎಂದಿತು. ತಂದೆಗೆ 55ರೊಳಗೆ ಅಥವಾ ತಾಯಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ಮಕ್ಕಳಿಗೆ ಇನ್ನೂ ಮೊದಲೇ ಬೇಕು. ವಂಶದಲ್ಲೇ ಎಲ್‌ಡಿಎಲ್ 190 ದಾಟುವ ಕಾಯಿಲೆಯೊಂದುಂಟು. ಸುಮಾರು 250 ಜನರಲ್ಲಿ ಒಬ್ಬರಿಗೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವೈದ್ಯರು ಹೇಳಿದಂತೆ ಮಾಡಿಸಬೇಕು. ಮಾತ್ರೆ ಶುರುವಾದ ಮೇಲೆ ಒಂದರಿಂದ ಮೂರು ತಿಂಗಳೊಳಗೆ ಮತ್ತೊಮ್ಮೆ ನೋಡುತ್ತಾರೆ.

ಅವರಿಗೆ ಬಿಪಿ ಮಾತ್ರೆ ಶುರುವಾಗಿದೆ. ಮಗಳ ತಟ್ಟೆಗೆ ಮೊಟ್ಟೆ ಮರುದಿನವೇ ಬಂತು. ಬೀಡಿ ಮಾತ್ರ ಇನ್ನೂ ದಿನಕ್ಕೆ ನಾಲ್ಕರಲ್ಲಿ ನಿಂತಿದೆ.