ಸತ್ತ ಕುರಿಗೆ ಪರಿಹಾರವುಂಟು, ಬದುಕಿರುವ ಕುರಿಗೆ ಏನುಂಟು?



ಬಜೆಟ್ ಬಂದಾಗಲೆಲ್ಲ ಕುರಿಗಾರರ ಹೆಸರಿನಲ್ಲಿ ಒಂದಲ್ಲ ಒಂದು ಘೋಷಣೆ ಇರುತ್ತದೆ. ಒಮ್ಮೆ 20 ಕುರಿ, 1 ಟಗರಿನ ಘಟಕಕ್ಕೆ ಸಾಲ ಮತ್ತು ಸಹಾಯಧನ. ಇನ್ನೊಮ್ಮೆ ಸತ್ತ ಕುರಿಗೆ ಪರಿಹಾರ. 2025-26ರ ಬಜೆಟ್‌ನಲ್ಲಿ ಅನುಗ್ರಹ ಯೋಜನೆಯ ಪರಿಹಾರವನ್ನು ಕುರಿಯೊಂದಕ್ಕೆ 5,000 ರೂಪಾಯಿಯಿಂದ 7,500 ರೂಪಾಯಿಗೆ ಏರಿಸಿದ್ದನ್ನು ನಾವೆಲ್ಲ ಸ್ವಾಗತಿಸಿದ್ದೇವೆ. ಆದರೆ ಕುರಿ ಕೊಳ್ಳಲು ಹಣ, ಕುರಿ ಸತ್ತರೆ ಹಣ ಎನ್ನುವ ಸರ್ಕಾರ, ಅವೆರಡರ ನಡುವೆ ಅದನ್ನು ಆರೋಗ್ಯವಾಗಿ ಉಳಿಸಿಕೊಳ್ಳಲು ನಮ್ಮ ಸಹಕಾರ ಸಂಘಗಳಿಗೆ ನೆಚ್ಚಿಕೊಳ್ಳುವಂಥ ಅನುದಾನವನ್ನೇ ಇಟ್ಟಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಈ ಕ್ರಮ ಬದಲಾಗಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ನಮ್ಮದೇ ದೊಡ್ಡ ಸಂಖ್ಯೆ. ಬಳ್ಳಾರಿ, ಡೆಕ್ಕನಿ, ಕೆಂಗುರಿ, ಹಾಸನ, ಬನ್ನೂರು ತಳಿಗಳನ್ನು ಮಳೆ ಕಡಿಮೆಯಾದ ಸೀಮೆಯಲ್ಲೂ ಉಳಿಸಿಕೊಂಡು ಬಂದವರು ಹೆಚ್ಚಾಗಿ ತುಂಡು ಭೂಮಿಯವರು, ಭೂಮಿಯೇ ಇಲ್ಲದವರು. ಚಿತ್ರದುರ್ಗ, ತುಮಕೂರು, ಕೊಪ್ಪಳ, ಬಾಗಲಕೋಟೆ, ಬೆಳಗಾವಿ ಕಡೆಯ ಎಷ್ಟೋ ಮಂದೆಗಳು ಕೊಯ್ಲು ಮುಗಿಯುತ್ತಿದ್ದಂತೆ ನೀರಾವರಿ ಸೀಮೆಗೆ ಹೊರಡುತ್ತವೆ. ರಾತ್ರಿ ರೈತರ ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಕೊಟ್ಟು, ಕಾಳೋ ಕಾಸೋ ಪಡೆದು, ಮುಂಗಾರಿನ ಹೊತ್ತಿಗೆ ಊರಿಗೆ ಮರಳುತ್ತವೆ. ಪಶು ಆಸ್ಪತ್ರೆ ಇದ್ದಲ್ಲೇ ಇರುತ್ತದೆ, ಮಂದೆ ಇರುವುದಿಲ್ಲ. ಲಸಿಕೆ ಉಚಿತ ಎಂದು ಇಲಾಖೆ ಹೇಳುವುದು ನಿಜ. ಅದು ಊರಿಗೆ ಬರುವ ಹೊತ್ತಿಗೆ ಕುರಿಗಳು ನಾಲ್ಕು ತಾಲ್ಲೂಕು ದಾಟಿರುತ್ತವೆ ಎನ್ನುವುದೂ ಅಷ್ಟೇ ನಿಜ.

ಕುರಿಯ ರೋಗಗಳಿಗೆ ಒಂದೊಂದಕ್ಕೂ ಒಂದೊಂದು ಕಾಲವಿದೆ. ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ ಕರುಳುಬೇನೆ. ರಾತ್ರಿ ಚೆನ್ನಾಗಿ ಮೇದು ಮಲಗಿದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಅದೂ ಮಂದೆಯಲ್ಲಿ ಎಲ್ಲಕ್ಕಿಂತ ಮೈತುಂಬಿಕೊಂಡ ಮರಿಯೇ. ಮಳೆಗಾಲದ ಕೆಸರಿನಲ್ಲಿ ಹುಟ್ಟುವ ಸಣ್ಣ ನುಸಿಗಳಿಂದ ನೀಲಿನಾಲಿಗೆ: ತುಟಿ ಊದಿ, ಮೂಗು ಹಕ್ಕಳೆಗಟ್ಟಿ, ಗೊರಸಿನ ಬುಡ ಕೆಂಪಾಗಿ ಕುರಿ ಹೆಜ್ಜೆ ಎತ್ತಿಡಲಾರದು. ಇನ್ನು ಹಿರೇಬೇನೆ, ಅಂದರೆ ಪಿಪಿಆರ್, ಹೊಕ್ಕಿತೆಂದರೆ ಕಣ್ಣು ಮೂಗಿನಲ್ಲಿ ನೀರು, ಬಾಯಲ್ಲಿ ಹುಣ್ಣು, ಬಿಡದ ಭೇದಿ. ಗಬ್ಬದ ಕುರಿಗಳು ಕಂದು ಹಾಕುತ್ತವೆ. ಬೇನೆ ಬಿದ್ದ ಮಂದೆಯನ್ನು ಯಾವ ರೈತನೂ ಹೊಲಕ್ಕೆ ಬಿಟ್ಟುಕೊಳ್ಳುವುದಿಲ್ಲ. ಕುರಿಯ ಜೊತೆಗೆ ಆ ದಿನಗಳ ಸಂಪಾದನೆಯೂ ಹೋಗುತ್ತದೆ.

ಇವಕ್ಕೆಲ್ಲ ಲಸಿಕೆಗಳಿವೆ. ಹಿರೇಬೇನೆಯ ಲಸಿಕೆ ನಮ್ಮ ಹೆಬ್ಬಾಳದ ಪಶು ಲಸಿಕೆ ಸಂಸ್ಥೆಯಲ್ಲೇ ತಯಾರಾಗುತ್ತದೆ, ಒಮ್ಮೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಕೊರತೆ ಇರುವುದು ಹೊತ್ತಿಗೆ ಸರಿಯಾಗಿ ಹಾಕಿಸುವ ವ್ಯವಸ್ಥೆಯಲ್ಲಿ. ಆ ಲಸಿಕೆ ಪುಡಿಯ ರೂಪದಲ್ಲಿ, ಸಾಮಾನ್ಯವಾಗಿ ನೂರು ಕುರಿಗಾಗುವ ಸೀಸೆಯಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಮೂವತ್ತು ಕುರಿ ಇರುವವನೊಬ್ಬ ಆಸ್ಪತ್ರೆಗೆ ಹೋಗಿ ನಿಂತರೆ ಅವನೊಬ್ಬನಿಗಾಗಿ ಸೀಸೆ ಒಡೆಯುವುದು ಕಷ್ಟ. ಅದೇ ಸಂಘ ಮುಂದಾಗಿ, ಹಟ್ಟಿಯ ಹತ್ತು ಮನೆಯ ಕುರಿಗಳನ್ನು ಒಂದೇ ಬೆಳಿಗ್ಗೆ ಕೂಡಿಹಾಕಿಸಿದರೆ ಒಂದು ತೊಟ್ಟೂ ಪೋಲಾಗುವುದಿಲ್ಲ. ಮುಂದೆ ಹುಟ್ಟುವ ಮರಿಗಳಿಗೆ ಯಾವಾಗ ಹಾಕಿಸಬೇಕು ಎಂಬ ಲೆಕ್ಕವೂ ಸಂಘದ ಪುಸ್ತಕದಲ್ಲಿ ಉಳಿಯುತ್ತದೆ. ಜಂತುಹುಳುವಿನ ಕಥೆಯೂ ಇದೇ. ಔಷಧಿ ಅಂಗಡಿಯವರು ಕೊಟ್ಟದ್ದನ್ನೇ ವರ್ಷಗಟ್ಟಲೆ ಕುಡಿಸುವುದರಿಂದ ಹುಳುಗಳು ಅದಕ್ಕೆ ಬಗ್ಗದಂತಾಗುತ್ತವೆ. ಸಂಘದ ಮೂಲಕ ಹಿಕ್ಕೆ ಪರೀಕ್ಷೆ ಮಾಡಿಸಿ ಔಷಧಿ ಆರಿಸಿದರೆ ಹಣವೂ ಉಳಿಯುತ್ತದೆ, ಕುರಿಯೂ ಉಳಿಯುತ್ತದೆ.

ಹಾಲಿನ ವಿಷಯದಲ್ಲಿ ಇದನ್ನು ನಾಡು ಎಂದೋ ಮಾಡಿ ತೋರಿಸಿದೆ. ಹಾಲು ಒಕ್ಕೂಟಗಳು ಸಂಘಗಳ ಮೂಲಕವೇ ಹಸುಗಳ ಚಿಕಿತ್ಸೆ, ಲಸಿಕೆ ನೋಡಿಕೊಳ್ಳುತ್ತವೆ. ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಹಾಲು ದಿನವೂ ಸಂಘಕ್ಕೆ ಬರುವುದರಿಂದ ಅಲ್ಲಿ ಹಣ ಓಡಾಡುತ್ತದೆ. ಕುರಿಯವರ ಸಂಘಕ್ಕೆ ಅಂಥ ದಿನವಹಿ ವರಮಾನವಿಲ್ಲ. ಆದ್ದರಿಂದಲೇ ಅದಕ್ಕೆ ಸರ್ಕಾರದ ಆಸರೆ ಹೆಚ್ಚು ಬೇಕು.

ನನ್ನ ಸಲಹೆ ಇಷ್ಟು. ಸದಸ್ಯರು ಕುರಿಗೆ ವರ್ಷಕ್ಕೆ 10 ರೂಪಾಯಿ ಹಾಕಲಿ, ಸರ್ಕಾರ 20 ರೂಪಾಯಿ ಸೇರಿಸಲಿ. ರಾಜ್ಯದ ಅಷ್ಟೂ ಕುರಿಗಳಿಗೆ ಲೆಕ್ಕ ಹಾಕಿದರೂ ಸರ್ಕಾರದ ಪಾಲು ಸುಮಾರು 22 ಕೋಟಿ ರೂಪಾಯಿ. ಸತ್ತ ಒಂದು ಕುರಿಗೆ ಕೊಡುವ 7,500 ರೂಪಾಯಿಯಲ್ಲಿ ಬದುಕಿರುವ 375 ಕುರಿಗಳಿಗೆ ಆ ಪಾಲು ಕಟ್ಟಬಹುದು. ಈ ನಿಧಿಯಿಂದ ಸಂಘಕ್ಕೊಂದು ಶೀತಲ ಪೆಟ್ಟಿಗೆ, ಔಷಧಿ ದಾಸ್ತಾನು, ಮಂದೆಯ ಜೊತೆ ಹೋಗುವ ಹುಡುಗರಿಗೆ ಪ್ರಥಮ ಚಿಕಿತ್ಸೆಯ ತರಬೇತಿ, ಪ್ರತಿ ಮಂದೆಗೊಂದು ಆರೋಗ್ಯ ಪುಸ್ತಕ ಆಗಲಿ. ಆ ಪುಸ್ತಕ ತೋರಿಸಿದರೆ ಯಾವ ಜಿಲ್ಲೆಯ ಆಸ್ಪತ್ರೆಯಲ್ಲೂ, 1962ಕ್ಕೆ ಕರೆ ಮಾಡಿದಾಗ ಬರುವ ಸಂಚಾರಿ ವಾಹನದಲ್ಲೂ ‘ನಿಮ್ಮ ಊರಿನಲ್ಲೇ ಹಾಕಿಸಿಕೊಳ್ಳಿ’ ಎಂಬ ಮಾತು ಬರಬಾರದು.

ಸಂಘಗಳ ಕೈಗೆ ಹಣ ಕೊಟ್ಟರೆ ಲೆಕ್ಕ ಸಿಗುವುದಿಲ್ಲ ಎನ್ನುವವರಿದ್ದಾರೆ. ಸಾಲದ ಪಟ್ಟಿ ಮಾಡುವಾಗ ಮಾತ್ರ ಕಣ್ಣು ಬಿಡುವ ಸಂಘಗಳೂ ಇವೆ, ಒಪ್ಪುತ್ತೇನೆ. ಅದಕ್ಕೆ ದಾರಿಯಿದೆ. ಲಸಿಕೆ ಹಾಕುವುದು ಇಲಾಖೆಯ ಸಿಬ್ಬಂದಿಯೇ ಆಗಿರಲಿ. ಮೊದಲ ಕಂತು ಸದಸ್ಯರ ವಂತಿಗೆ ಜಮೆಯಾದ ಮೇಲೆ, ಎರಡನೆಯದು ವೈದ್ಯರು ಸಹಿ ಮಾಡಿದ ಲಸಿಕೆ ಲೆಕ್ಕ ಬಂದ ಮೇಲೆ ಬಿಡುಗಡೆಯಾಗಲಿ. ವರ್ಷಕ್ಕೊಮ್ಮೆ ಆ ಲೆಕ್ಕವನ್ನು ಸರ್ವಸದಸ್ಯರ ಸಭೆಯಲ್ಲಿ ಓದಲಿ. ಸಂಘ ಬಡವಾಗಿದೆ ಎಂದು ಕೆಲಸ ಕೊಡದಿದ್ದರೆ ಅದು ಎಂದೆಂದಿಗೂ ಬಡವಾಗಿಯೇ ಇರುತ್ತದೆ.

ದನಗಳನ್ನು ಊರಿಗೆ ಊರೇ ಕೊಂದ ದೊಡ್ಡರೋಗವನ್ನು ಲಸಿಕೆಯಿಂದಲೇ ಜಗತ್ತು ತೊಲಗಿಸಿ, 2011ರಲ್ಲಿ ಅದನ್ನು ಸಾರಿತು. ಅದರ ಹತ್ತಿರದ ನೆಂಟನೇ ಆದ ಹಿರೇಬೇನೆಯನ್ನು 2030ರೊಳಗೆ ಅಳಿಸುವುದು ಈಗಿನ ಜಾಗತಿಕ ಗುರಿ. ಅಲೆಯುವ ಮಂದೆಗಳು ಲಸಿಕೆಯ ಹೊರಗೆ ಉಳಿದರೆ ಆ ಗುರಿ ಕೈಗೆ ಸಿಗದು. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಕುರಿಗಾರರನ್ನು ವೇದಿಕೆಗೆ ಕರೆದು ಕಂಬಳಿ ಹೊದಿಸುವುದಷ್ಟೇ ಅದರ ಆಚರಣೆ ಆಗದಿರಲಿ. ಮುಂದಿನ ಬಜೆಟ್‌ನಲ್ಲಿ ಕುರಿಗಾರರ ಸಹಕಾರ ಸಂಘಗಳ ಆರೋಗ್ಯ ನಿಧಿಗೆಂದೇ ಪ್ರತ್ಯೇಕ ಲೆಕ್ಕಶೀರ್ಷಿಕೆ ಇಡಬೇಕು, ಮುಂಗಾರಿಗೆ ಮುನ್ನ ಹಣ ಸಂಘ ಮುಟ್ಟಬೇಕು. ಕುರಿ ಸೀಮೆಯ ಶಾಸಕರು, ಪಕ್ಷ ಯಾವುದೇ ಇರಲಿ, ಈ ಒಂದು ಬೇಡಿಕೆಯನ್ನು ಸದನದಲ್ಲಿ ಒಟ್ಟಾಗಿ ಎತ್ತಬೇಕೆಂದು ನನ್ನ ಒತ್ತಾಯ.

ಇಂತಿ ತಮ್ಮ ವಿಶ್ವಾಸಿ,
ಕುರಿಗಾರರ ಸಹಕಾರ ಸಂಘವೊಂದರ ಸದಸ್ಯ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ