ಕ್ಲೀವ್‌ಲೆಂಡಿನ ಲಾಂಡ್ರಿ ಮತ್ತು ನಮ್ಮ ಬೈತುಲ್‌ಮಾಲ್‌ಗಳು

ರಮಝಾನ್ ತಿಂಗಳಲ್ಲಿ ನಮ್ಮ ಮೊಹಲ್ಲಾಗಳಲ್ಲಿ ದಾನದ ಹೊಳೆಯೇ ಹರಿಯುತ್ತದೆ. ಅಕ್ಕಿಬೇಳೆಯ ಕಿಟ್‌ಗಳು, ಹೊಸ ಬಟ್ಟೆಗಳು, ಲಕೋಟೆಯಲ್ಲಿಟ್ಟ ನೋಟುಗಳು ಮನೆಮನೆಗೆ ತಲುಪುತ್ತವೆ. ಮುಂದಿನ ವರ್ಷ ಫಲಾನುಭವಿಗಳ ಪಟ್ಟಿ ತೆರೆದರೆ ಬಹುತೇಕ ಅವೇ ಹೆಸರುಗಳಿರುತ್ತವೆ. ಕೊಡುವವರ ಇಖ್ಲಾಸನ್ನು ನಾವು ಶಂಕಿಸುತ್ತಿಲ್ಲ. ವಿಧವೆಗೂ ರೋಗಿಗೂ ಈ ನೆರವು ಬೇಕೇ ಬೇಕು. ಆದರೆ ದುಡಿಯಬಲ್ಲ ಕೈಗಳಿರುವ ಮನೆಯೂ ಅದೇ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದರೆ ನಮ್ಮ ಸಂಸ್ಥೆಗಳು ಏನನ್ನೋ ಮಾಡದೆ ಬಿಟ್ಟಿವೆ ಎಂದೇ ಅರ್ಥ.

ಏನದು? ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲೆಂಡ್ ನಗರವನ್ನು ನೋಡುವುದು ಉಪಯುಕ್ತ. 1914ರಲ್ಲಿ ಅಲ್ಲಿನ ಬ್ಯಾಂಕರ್ ಫ್ರೆಡರಿಕ್ ಗೋಫ್ ಒಂದು ಹೊಸ ಬಗೆಯ ದತ್ತಿಯನ್ನು ಸ್ಥಾಪಿಸಿದರು. ಒಬ್ಬನೇ ಶ್ರೀಮಂತನ ಹೆಸರಿನ ದತ್ತಿಯ ಬದಲು, ಊರಿನ ಹಲವರ ದಾನವನ್ನು ಒಂದೇ ನಿಧಿಯಲ್ಲಿ ಕೂಡಿಸಿ, ಊರಿನ ಅಂದಂದಿನ ಅಗತ್ಯಕ್ಕೆ ಬಳಸುವ ವ್ಯವಸ್ಥೆ ಅದು. ಸಮುದಾಯ ಪ್ರತಿಷ್ಠಾನ ಎಂದು ಇಂದು ಕರೆಯಲಾಗುವ ಸಂಸ್ಥೆಗಳಲ್ಲಿ ಮೊದಲನೆಯದು ಈ ಕ್ಲೀವ್‌ಲೆಂಡ್ ಫೌಂಡೇಶನ್. ಗೋಫ್ ಅವರನ್ನು ಕಾಡಿದ್ದು ಸತ್ತವರ ಉಯಿಲು ಬದುಕಿರುವವರ ಕೈಕಟ್ಟಿಹಾಕುವ ಸಮಸ್ಯೆ. ಸೇಂಟ್ ಲೂಯಿಸ್‌ನ ಮೇಯರ್ ಆಗಿದ್ದ ಬ್ರಯಾನ್ ಮುಲಾನ್ಫಿ ಎಂಬವರು 1851ರಲ್ಲಿ ತೀರಿಕೊಂಡಾಗ, ಆ ನಗರದ ಮೂಲಕ ಪಶ್ಚಿಮಕ್ಕೆ ನೆಲೆಸಲು ಹೋಗುವ ಬಡ ಪ್ರಯಾಣಿಕರಿಗಾಗಿ ತಮ್ಮ ಆಸ್ತಿಯ ಮೂರನೇ ಒಂದು ಭಾಗವನ್ನು ಬಿಟ್ಟುಹೋಗಿದ್ದರು. ಕಾಲಾಂತರದಲ್ಲಿ ಅಂಥ ಪ್ರಯಾಣಿಕರೇ ಇಲ್ಲವಾದರು, ಹಣ ಮಾತ್ರ ಉಳಿಯಿತು. ವಾಕಿಫ್‌ನ ಷರತ್ತಿಗೆ ಶರೀಅತ್ ಕೊಟ್ಟಿರುವ ಸ್ಥಾನ ದೊಡ್ಡದು, ಆದ್ದರಿಂದ ಗೋಫ್ ಅವರ ಪರಿಹಾರವನ್ನು ನಮ್ಮ ವಕ್ಫ್‌ಗಳಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಸದಸ್ಯರ ಚಂದಾ ಮತ್ತು ಸದಕಾದಿಂದ ನಡೆಯುವ ನಮ್ಮ ಟ್ರಸ್ಟ್‌ಗಳಿಗೆ ಅಂಥ ಅಡ್ಡಿಯಿಲ್ಲ.

ಮುಖ್ಯ ವಿಚಾರ ಇನ್ನು ಮುಂದಿದೆ. 1950ರಲ್ಲಿ ಕ್ಲೀವ್‌ಲೆಂಡಿನ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು. 2010ರ ಹೊತ್ತಿಗೆ ಅದು ನಾಲ್ಕು ಲಕ್ಷಕ್ಕಿಂತ ಕೆಳಗಿಳಿಯಿತು. ಕಾರ್ಖಾನೆಗಳು ಮುಚ್ಚಿದವು, ಮನೆಗಳು ಪಾಳುಬಿದ್ದವು. ಈ ಬಡತನದ ನಡುವೆಯೇ ಯೂನಿವರ್ಸಿಟಿ ಸರ್ಕಲ್ ಎಂಬ ಪ್ರದೇಶದಲ್ಲಿ ಕ್ಲೀವ್‌ಲೆಂಡ್ ಕ್ಲಿನಿಕ್, ಯೂನಿವರ್ಸಿಟಿ ಹಾಸ್ಪಿಟಲ್ಸ್, ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯಗಳಂಥ ಜಗತ್ಪ್ರಸಿದ್ಧ ಸಂಸ್ಥೆಗಳು ವೈಭವದಿಂದ ನಿಂತಿದ್ದವು. ಅವು ಕೋಟಿಗಟ್ಟಲೆ ಡಾಲರ್‌ಗಳ ಸರಕು, ಸೇವೆಗಳನ್ನು ಖರೀದಿಸುತ್ತಿದ್ದವು. ಆದರೆ ಪಕ್ಕದ ಬೀದಿಯಲ್ಲಿದ್ದ, ಬಹುಪಾಲು ಕರಿಯ ಕುಟುಂಬಗಳಿಗೆ ಅದರಿಂದ ಸಿಗುತ್ತಿದ್ದದ್ದು ಅತ್ಯಲ್ಪ.

2005ರಲ್ಲಿ ಫೌಂಡೇಶನ್ ಈ ಸಂಸ್ಥೆಗಳ ಮುಖ್ಯಸ್ಥರನ್ನು ಒಂದೇ ಮೇಜಿನ ಸುತ್ತ ಕೂರಿಸಿತು. ಅದು ಅವರಿಂದ ಕೇಳಿದ ಮುಖ್ಯ ಸಂಗತಿ ದೇಣಿಗೆಯಲ್ಲ. ನೀವು ಹೇಗೂ ಖರ್ಚು ಮಾಡುವ ಹಣದ ಒಂದು ಪಾಲನ್ನು ನೆರೆಹೊರೆಯವರ ಕೈಯಿಂದ ಖರೀದಿಸಿರಿ ಎಂಬುದು ಅದರ ಬೇಡಿಕೆಯಾಗಿತ್ತು. ಹೀಗೆ ಹುಟ್ಟಿದ್ದು ಎವರ್‌ಗ್ರೀನ್ ಸಹಕಾರಿ ಸಂಸ್ಥೆಗಳು. 2009ರಲ್ಲಿ ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿ ಶುರುವಾಯಿತು. ಬಳಿಕ ಸೌರಫಲಕ ಅಳವಡಿಸುವ ಸಂಸ್ಥೆ, ಮೂರೂಕಾಲು ಎಕರೆಯ ಹಸಿರುಮನೆಯಲ್ಲಿ ಸೊಪ್ಪು ಬೆಳೆಯುವ ಸಂಸ್ಥೆ ಬಂದವು. ಕೆಲಸಗಾರರು ಕೂಲಿಯಾಳುಗಳಾಗಿ ಉಳಿಯುವುದಿಲ್ಲ. ನಿಗದಿತ ಅವಧಿ ದುಡಿದ ಬಳಿಕ ವೇತನದಿಂದ ಸ್ವಲ್ಪಸ್ವಲ್ಪವಾಗಿ ಪಾಲು ಕಟ್ಟಿ ಮಾಲಕರಾಗುತ್ತಾರೆ, ಲಾಭದಲ್ಲೂ ತೀರ್ಮಾನದಲ್ಲೂ ಭಾಗಿಗಳಾಗುತ್ತಾರೆ.

ಇದೊಂದು ಪವಾಡದ ಕಥೆಯೆಂದು ಯಾರೂ ಭಾವಿಸಬಾರದು. ಆರಂಭದ ನಿರೀಕ್ಷೆಗಿಂತ ಬೆಳವಣಿಗೆ ಬಹಳ ನಿಧಾನವಾಗಿತ್ತು. ಪಕ್ಕದಲ್ಲೇ ಇದ್ದ ಕ್ಲೀವ್‌ಲೆಂಡ್ ಕ್ಲಿನಿಕ್ ತನ್ನ ದೊಡ್ಡ ಲಾಂಡ್ರಿ ಘಟಕವನ್ನು ಈ ಸಹಕಾರಿಗೆ ಒಪ್ಪಿಸಿದ್ದು 2018ರಲ್ಲಿ, ಅಂದರೆ ಸುಮಾರು ಒಂಬತ್ತು ವರ್ಷಗಳ ಬಳಿಕ. ಸಂಬಂಧ ಬೆಳೆಯಲು ಅಷ್ಟು ಕಾಲ ಹಿಡಿಯುತ್ತದೆ. ಬಂಡವಾಳದಲ್ಲಿ ಬಡ್ಡಿಯ ಸಾಲವೂ ಸೇರಿತ್ತು. ಅದನ್ನು ನಾವು ಅನುಕರಿಸಬೇಕಾಗಿಲ್ಲ. ಪಾಲುದಾರಿಕೆಗೆ ನಮ್ಮಲ್ಲಿ ಮುಶಾರಕ, ಮುದಾರಬದಂಥ ದಾರಿಗಳು ಮೊದಲಿನಿಂದಲೂ ಇವೆ.

ಕೊಡುವುದಕ್ಕಿಂತ ಜೋಡಿಸುವುದು ಮೇಲಾಗುವ ಸಂದರ್ಭ ನಮಗೆ ಅಪರಿಚಿತವೇನಲ್ಲ. ಹಿಜ್ರತ್‌ನ ನಂತರ ಪ್ರವಾದಿ(ಸ) ಮುಹಾಜಿರ್ ಮತ್ತು ಅನ್ಸಾರರ ನಡುವೆ ಸಹೋದರತೆಯನ್ನು ಏರ್ಪಡಿಸಿದಾಗ, ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಮುಂದಿಟ್ಟರು. ಅವರು ಸಅದ್‌ರಿಗಾಗಿ ಬರಕತ್‌ನ ದುಆ ಮಾಡಿ, ಪೇಟೆಯ ದಾರಿ ಎಲ್ಲಿದೆಯೆಂದು ಕೇಳಿದರು. ಬೆಣ್ಣೆ, ಗಿಣ್ಣುಗಳ ವ್ಯಾಪಾರದಿಂದ ಆರಂಭಿಸಿ ಮದೀನದ ದೊಡ್ಡ ಸಿರಿವಂತರಲ್ಲಿ ಒಬ್ಬರಾದರು. ಸಅದ್‌ರ ಔದಾರ್ಯವನ್ನು ನಾವು ಪ್ರವಚನಗಳಲ್ಲಿ ಬಹಳ ಕೇಳಿದ್ದೇವೆ. ಪೇಟೆಯ ದಾರಿ ತೋರಿಸುವ ಹೊಣೆಯ ಬಗ್ಗೆ ಕೇಳಿದ್ದು ಕಡಿಮೆ.

ಕರಾವಳಿಯನ್ನೇ ನೋಡೋಣ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ಎಷ್ಟೊಂದು ವೈದ್ಯಕೀಯ ಕಾಲೇಜುಗಳು! ಅವುಗಳ ಹಾಸುಬಟ್ಟೆಗಳನ್ನು ಯಾರು ಹೊಲಿಯುತ್ತಾರೆ, ಯಾರು ಒಗೆಯುತ್ತಾರೆ, ಕ್ಯಾಂಟೀನಿಗೆ ತರಕಾರಿ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ಹಿಡಿದು ಆ ಆಡಳಿತಗಳ ಬಾಗಿಲು ತಟ್ಟಿದ ನಮ್ಮ ಟ್ರಸ್ಟ್‌ಗಳೆಷ್ಟು? ಹೊರಗಿನವರ ಮಾತೇಕೆ, ಸಮುದಾಯದ್ದೇ ಶಾಲೆಗಳಿವೆ, ಹಾಸ್ಟೆಲುಗಳಿವೆ. ಅವುಗಳ ಸಾವಿರಾರು ಸಮವಸ್ತ್ರಗಳು ಎಲ್ಲೋ ಹೊಲಿಯಲ್ಪಟ್ಟು ಬರುವಾಗ, ನಾವೇ ದಾನ ಕೊಟ್ಟ ಹೊಲಿಗೆ ಯಂತ್ರಗಳು ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೆ ದಾನ ಅರ್ಧದಲ್ಲೇ ನಿಂತಂತಲ್ಲವೇ? ಯಂತ್ರದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಆರ್ಡರಿನ ಫೋಟೊ ಬರುವುದಿಲ್ಲ. ಬಹುಶಃ ಅದೂ ಒಂದು ಕಾರಣವಿರಬಹುದು.

ಬೀಡಿಯ ಆದಾಯವನ್ನೇ ನಂಬಿರುವ ಮಹಿಳೆಯರಿಗೆ ಯಂತ್ರದ ಜೊತೆ ಬೇಕಾದದ್ದು ಖಾತ್ರಿಯಾದ ಗಿರಾಕಿ, ಅಳತೆ ಮತ್ತು ಗುಣಮಟ್ಟ ಕಲಿಸುವ ಒಬ್ಬ ಅನುಭವಿ, ಬಟ್ಟೆಯನ್ನು ಸಗಟಾಗಿ ತರಿಸಿಕೊಡುವ ವರ್ತಕ, ಜೊತೆಗೆ ಲೆಕ್ಕಪತ್ರ ನೋಡುವ ಯುವಕ. ಈ ನಾಲ್ವರೂ ನಮ್ಮ ಜಮಾಅತ್‌ಗಳಲ್ಲೇ ಇದ್ದಾರೆ, ಒಂದೇ ಸಫ್ಫಿನಲ್ಲಿ ನಿಂತು ನಮಾಝ್ ಮಾಡುತ್ತಾರೆ. ನೆರೆಯ ಹಿಂದೂ, ಕ್ರೈಸ್ತ ಮಹಿಳೆಯರ ಸ್ವಸಹಾಯ ಗುಂಪುಗಳೂ ಇದರಲ್ಲಿ ಪಾಲುದಾರರಾಗಬಹುದು, ಆಗಬೇಕು. ಶಾಲೆಗಳು ಬಾಗಿಲು ತೆರೆಯುವುದು ಜೂನ್ ಹೊತ್ತಿಗೆ. ಸಮವಸ್ತ್ರದ ತೀರ್ಮಾನ ಅದಕ್ಕೆ ಕೆಲವು ತಿಂಗಳು ಮೊದಲೇ ಆಗಿಬಿಡುತ್ತದೆ. ಆದ್ದರಿಂದ ಟ್ರಸ್ಟಿನ ಮುಂದಿನ ಸಭೆಯಲ್ಲಿ ನೆರವಿನ ಅರ್ಜಿಗಳ ಜೊತೆ ನಮ್ಮದೇ ಶಾಲೆಗಳ ಖರೀದಿ ಪಟ್ಟಿಯನ್ನೂ ಮೇಜಿನ ಮೇಲಿಡುವಂತೆ ಸದಸ್ಯರು ಈಗಲೇ ಕೇಳಬೇಕು.