ಮೇಷ್ಟರು ಓಡಿಹೋದರೋ, ಓಡಿಸಿದರೋ?

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿ ಜಗಲಿಗಳ ಮೇಲೆ ಈಗ ಒಂದು ಮಾತು ಓಡಾಡುತ್ತಿದೆ. “ಸರ್ಕಾರಿ ಶಾಲೆಯ ಮೇಷ್ಟರೇ ಅದನ್ನು ಬಿಟ್ಟು ಪ್ರೈವೇಟ್ ಸ್ಕೂಲಿಗೆ ಸೇರುತ್ತಿದ್ದಾರೆ. ಅವರಿಗೇ ಬೇಡವಾದ ಶಾಲೆಗೆ ನಮ್ಮ ಮಕ್ಕಳನ್ನೇಕೆ ಕಳಿಸೋಣ ಸ್ವಾಮಿ?” ಎಂದು. ಭದ್ರಾವತಿಯ ಪೇಪರ್ ಟೌನಿನ ಚಹಾದಂಗಡಿಯಲ್ಲೂ ಇದನ್ನೇ ಕೇಳಿದೆ. ಹೀಗೆ ಆಡುವವರು ಬಂಡವಾಳಗಾರರಲ್ಲ. ಚಿಲ್ಲರೆ ವ್ಯಾಪಾರದವರು, ಕಾರ್ಖಾನೆಯ ಗುತ್ತಿಗೆ ಕೂಲಿಯವರು, ಅಂದರೆ ನಮ್ಮವರೇ. ಆದುದರಿಂದ ಉತ್ತರ ಕೊಡದೆ ಬಿಡುವಂತಿಲ್ಲ.

ಹೋಗುತ್ತಿರುವ ಮೇಷ್ಟರು ಯಾರೆಂಬುದನ್ನು ಮೊದಲು ನೋಡೋಣ. ಖಾಯಂ ಹುದ್ದೆಯ ಉಪಾಧ್ಯಾಯ ರಾಜೀನಾಮೆ ಕೊಟ್ಟು ಖಾಸಗಿ ಶಾಲೆಗೆ ಹೋದದ್ದನ್ನು ನಾನಂತೂ ಕಂಡಿಲ್ಲ. 60 ತುಂಬಿ ನಿವೃತ್ತರಾದ ಮೇಲೆ ಹೋಗುವವರಿದ್ದಾರೆ. ಅದು ಬೇರೆ ಮಾತು. ಖಾಯಂ ಕೆಲಸದ ಆಸೆಯಲ್ಲಿ ಜನ ನಡೆಯುವ ದಾರಿ ಇದಕ್ಕೆ ತಿರುಗುಮುರುಗು: ಹಗಲೆಲ್ಲ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ, ರಾತ್ರಿ ಟಿ.ಇ.ಟಿ. ಪರೀಕ್ಷೆಗೆ ಓದುವ ತರುಣ ತರುಣಿಯರು ಶಿವಮೊಗ್ಗದ ಬೀದಿಬೀದಿಯಲ್ಲಿದ್ದಾರೆ. ಸರ್ಕಾರಿ ಶಾಲೆ ಬಿಟ್ಟು ಹೋಗುತ್ತಿರುವವನು ‘ಅತಿಥಿ ಶಿಕ್ಷಕ’.

ಅತಿಥಿ! ಹೆಸರಿನ ಅಂದ ನೋಡಿ. ನಮ್ಮ ಮಲೆನಾಡಿನಲ್ಲಿ ಅತಿಥಿ ಬಂದರೆ ಬೆಲ್ಲ ನೀರು ಕೊಟ್ಟು ಕೂರಿಸುತ್ತಾರೆ. ಸರ್ಕಾರದ ಮನೆಯ ಅತಿಥಿಗೆ ಮಳೆಗಾಲದ ಹೊತ್ತಿಗೆ ಕರೆ ಬರುತ್ತದೆ, ಬೇಸಿಗೆ ಬಂತೆಂದರೆ ಬೀಳ್ಕೊಡುಗೆ. ಏಪ್ರಿಲ್, ಮೇ ತಿಂಗಳ ಹೊಟ್ಟೆಗೆ ಅವನೇ ಹೊಣೆ. ಪ್ರಾಥಮಿಕ ಶಾಲೆಯಲ್ಲಿ ಅವನಿಗೆ ತಿಂಗಳಿಗೆ 10,000 ರೂಪಾಯಿ ಇತ್ತು; 2025ರ ಬಜೆಟ್ಟಿನಲ್ಲಿ 2,000 ಏರಿಸಿದರು. ದಿನಕ್ಕೆ ಹಂಚಿದರೆ 400 ರೂಪಾಯಿ. ಗಾರೆ ಕೆಲಸದ ಮೇಸ್ತ್ರಿಗೆ ಈ ಕೂಲಿ ಹೇಳಿನೋಡಿ, ಕರಣೆ ಎತ್ತಿಕೊಂಡು ಹೊರಟೇಹೋಗುತ್ತಾನೆ. ಇದೇ ಸರ್ಕಾರ 2024ರ ಆಗಸ್ಟಿನಿಂದ ಏಳನೆಯ ವೇತನ ಆಯೋಗವನ್ನು ಜಾರಿಗೆ ತಂದು, ತನ್ನ ಅತಿ ಕೆಳಗಿನ ನೌಕರನ ಮೂಲ ವೇತನವನ್ನು 27,000ಕ್ಕೆ ನಿಗದಿ ಮಾಡಿತು. ಅದು ಹೆಚ್ಚಾಯಿತೆಂದು ನಾವು ಹೇಳುವುದಿಲ್ಲ, ಬಾಳುವೆಗೆ ಅಷ್ಟಾದರೂ ಬೇಕು. ಅಷ್ಟು ಬೇಕೆಂದು ಒಪ್ಪಿದ ಸರ್ಕಾರವೇ ಅದರ ಅರ್ಧಕ್ಕೂ ಕಡಿಮೆ ಕೊಟ್ಟು ಮಕ್ಕಳಿಗೆ ಲೆಕ್ಕ ಕಲಿಸು ಎನ್ನುತ್ತದಲ್ಲ, ಇದೆಂಥ ಲೆಕ್ಕ?

ಇಂಥವರು ರಾಜ್ಯದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಎಂದು ತಿಳಿಯಬೇಡಿ. 2025-26ರ ಶಾಲಾ ವರ್ಷಕ್ಕೆ ತೆಗೆದುಕೊಂಡದ್ದು 50 ಸಾವಿರದ ಆಸುಪಾಸು. 2009ರ ಶಿಕ್ಷಣ ಹಕ್ಕು ಕಾಯಿದೆಯ 26ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ: ಸರ್ಕಾರಿ ಶಾಲೆಯಲ್ಲಿ ಮಂಜೂರಾದ ಉಪಾಧ್ಯಾಯ ಹುದ್ದೆಗಳ ಪೈಕಿ ಖಾಲಿ ಇರುವುದು ನೂರಕ್ಕೆ 10ನ್ನು ಮೀರಕೂಡದು. ವ್ಯಾಪಾರಿ ತಕ್ಕಡಿಯಲ್ಲಿ ತಪ್ಪಿದರೆ ಇನ್ಸ್‌ಪೆಕ್ಟರ್ ಬಂದು ದಂಡ ಹಾಕುತ್ತಾನೆ. ಕಾಯಿದೆ ಮಾಡಿದವರೇ ತಪ್ಪಿದರೆ ದಂಡ ಹಾಕುವವರಾರು? 2022ರಲ್ಲಿ 15,000 ಪದವೀಧರ ಉಪಾಧ್ಯಾಯರ ನೇಮಕವೆಂದು ಡಂಗುರ ಸಾರಿದರು. ಅದು ನ್ಯಾಯಾಲಯದ ತಕರಾರಿನಲ್ಲಿ ತಿಂಗಳುಗಟ್ಟಲೆ ನಿಂತು, 2023ರಲ್ಲಿ 13 ಸಾವಿರ ಚಿಲ್ಲರೆ ಮಂದಿಯ ಪಟ್ಟಿಗೆ ಇಳಿಯಿತು. ಉಳಿದ ಕಡೆಗೆಲ್ಲ ಅತಿಥಿಗಳೇ.

ಖಾಯಂ ಮಾಡಿ ಎಂದು ಇವರು ಕೇಳಿದರೆ ಅಧಿಕಾರಿಗಳು ‘ಉಮಾದೇವಿ ತೀರ್ಪು’ ಎಂದು ಬಾಯಿ ಮುಚ್ಚಿಸುತ್ತಾರೆ. ಅದು ಕರ್ನಾಟಕದ್ದೇ ಮೊಕದ್ದಮೆ. ನಿಯಮದಂತೆ ಆಯ್ಕೆಯಾಗದ ಹಂಗಾಮಿ ನೌಕರನಿಗೆ ಖಾಯಂ ಆಗುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಆದರೆ ವರ್ಷಾನುಗಟ್ಟಲೆ ದುಡಿಸಿಕೊಂಡು ಆ ತೀರ್ಪನ್ನೇ ಗುರಾಣಿ ಮಾಡಿಕೊಳ್ಳಬಾರದೆಂದು ಅದೇ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದೆ. ಇದನ್ನು ಯಾವ ಅಧಿಕಾರಿಯೂ ತಾನಾಗಿ ಬಾಯಿಬಿಡುವುದಿಲ್ಲ.

ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆರು ವರ್ಷ ಗಣಿತ ಹೇಳಿದ ಒಬ್ಬ ಹೆಣ್ಣುಮಗಳು ನನಗೆ ಪರಿಚಯ. ಗಂಡ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದವರು. ಈಕೆ 2024ರ ಆಗಸ್ಟಿನಲ್ಲಿ, ವರ್ಷದ ನಡುವೆ, ಶಾಲೆ ಬಿಟ್ಟು ಶಿವಮೊಗ್ಗದ ಖಾಸಗಿ ಶಾಲೆಯೊಂದಕ್ಕೆ ಸೇರಿದರು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, “ಏನಮ್ಮಾ, ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಬಂದಿರಲ್ಲ” ಎಂದುಬಿಟ್ಟೆ.

“ನಾನು ಬಿಟ್ಟೆನೇ ಅಣ್ಣಾ? ಮೂರು ತಿಂಗಳು ಸಂಬಳ ಬರಲಿಲ್ಲ. ಅಂಗಡಿಯವರು ಸಾಲದ ಪುಸ್ತಕ ತೆಗೆದು ತೋರಿಸಿದರು. ಇಲ್ಲಿ ಸಾವಿರ ರೂಪಾಯಿ ಹೆಚ್ಚಿಗೆ, ಒಂದನೇ ತಾರೀಕಿಗೆ ಕೊಡುತ್ತಾರೆ. ಆ ಏಳನೇ ಕ್ಲಾಸಿನ ಹುಡುಗರು ಇವತ್ತಿಗೂ ಫೋನ್ ಮಾಡಿ ‘ಮಿಸ್, ಯಾವಾಗ ಬರ್ತೀರಾ’ ಅಂತಾರೆ.”

ನಾನು ಆಡಿದ ಮಾತಿಗೆ ನಾಚಿದೆ. ಜಗಲಿಯ ಮೇಲಿನ ನಮ್ಮ ಮಿತ್ರರೂ ಸ್ವಲ್ಪ ನಾಚಿದರೆ ತಪ್ಪಿಲ್ಲ.

ಈಗ ಆಕೆ ಸೇರಿದ ಕಡೆಯ ವೈಭವ ಕೇಳಿ. ನೇಮಕದ ಆಜ್ಞೆಯ ಪತ್ರವಿಲ್ಲ. ಮೂಲ ಅಂಕಪಟ್ಟಿಗಳನ್ನು ಆಡಳಿತದವರು ‘ಭದ್ರವಾಗಿ’ ಇಟ್ಟುಕೊಂಡಿದ್ದಾರೆ. ರಜೆಯ ದಿನಗಳಲ್ಲಿ ಬಡಾವಣೆ ಬಡಾವಣೆ ತಿರುಗಿ, ಕರಪತ್ರ ಹಂಚಿ, ಮಕ್ಕಳನ್ನು ಸೇರಿಸಿಕೊಂಡು ಬರಬೇಕು. ಬೆಳಿಗ್ಗೆ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಎಣಿಸುವುದೂ ಅವರ ಕೆಲಸವೇ. ಸರ್ಕಾರಿ ಬಸ್ಸು ಸಿಕ್ಕರೆ 2023ರ ಜೂನಿನಿಂದ ಹೆಂಗಸರಿಗೆ ಟಿಕೆಟ್ಟಿಲ್ಲ, ಆ ಪುಣ್ಯ ಒಂದಿದೆ. ಅದು ತಪ್ಪಿದರೆ ಪ್ರೈವೇಟ್ ಬಸ್ಸು, ಆ ಹೆಚ್ಚಿನ ಸಾವಿರವೂ ಅಲ್ಲೇ ಕರಗುತ್ತದೆ.

ನಾನೂ ಸೀಮೆಸುಣ್ಣ ಹಿಡಿದವನೇ. ಬರಿಯ ಮೆಟ್ರಿಕ್ ಪಾಸಾದ ನನಗೆ ಒಂದು ಖಾಸಗಿ ಶಾಲೆ ಮೂರು ತರಗತಿ ಒಪ್ಪಿಸಿತ್ತು. ನಾನು ಪಂಡಿತನೆಂದಲ್ಲ, ಅಗ್ಗಕ್ಕೆ ಸಿಕ್ಕಿದೆನೆಂದು. ಫೀಸು ಕಟ್ಟಿದ ತಂದೆತಾಯಿಯರಲ್ಲಿ ಒಬ್ಬರೂ ನನ್ನ ಓದೆಷ್ಟೆಂದು ಕೇಳಲಿಲ್ಲ. ನಾನು ಟೈ ಕಟ್ಟಿದ್ದೆ, ಅಷ್ಟು ಸಾಕಾಯಿತು.

ಕಾರ್ಖಾನೆಯ ಮಿತ್ರರಿಗೆ ಇನ್ನೊಂದು ವಿಷಯ ಹೇಳಬೇಕು. ನಿಮ್ಮನ್ನು ಕೆಲಸದಿಂದ ತೆಗೆದರೆ ಲೇಬರ್ ಕೋರ್ಟಿಗೆ ಹೋಗುತ್ತಿದ್ದಿರಿ. ಮೇಷ್ಟರಿಗೆ ಆ ಬಾಗಿಲು ಮುಚ್ಚಿದ್ದು 1988ರಲ್ಲಿ. ಪಾಠ ಹೇಳುವುದು ಉದಾತ್ತ ವೃತ್ತಿ, ಆದ್ದರಿಂದ ಉಪಾಧ್ಯಾಯ ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕ’ನಲ್ಲವೆಂದು ಗೋವೆಯ ಒಬ್ಬ ಶಿಕ್ಷಕಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಸಂಹಿತೆ ಬಂತು. ಅದರಲ್ಲೂ ಮೇಷ್ಟರನ್ನು ಕಾರ್ಮಿಕನೆಂದು ಹೆಸರು ಹಿಡಿದು ಕರೆದಿಲ್ಲ. ಗ್ರಾಚುಯಿಟಿಯ ಕಥೆಯೂ ಹೀಗೆಯೇ. 2004ರಲ್ಲಿ ಕೋರ್ಟು ಇಲ್ಲವೆಂದಿತು. 2009ರಲ್ಲಿ ಪಾರ್ಲಿಮೆಂಟು ತಿದ್ದುಪಡಿ ತಂದು, 1997ರಿಂದಲೇ ಅನ್ವಯವೆಂದಿತು. ಖಾಸಗಿ ಶಾಲೆಗಳ ಧಣಿಗಳು ಅದನ್ನೂ ಪ್ರಶ್ನಿಸಿ ಕೋರ್ಟಿಗೆ ಹೋಗಿ, 2022ರ ಆಗಸ್ಟಿನಲ್ಲಿ ಸೋತರು. ಒಬ್ಬ ಮೇಷ್ಟರ ಕೊನೆಗಾಲದ ನಾಲ್ಕು ಕಾಸಿಗೆ ಇಷ್ಟು ವರ್ಷ ಅಡ್ಡ ನಿಂತವರು ವಿದ್ಯಾದಾನಿಗಳಂತೆ! ನಮ್ಮ ರಾಜ್ಯದ ಶಿಕ್ಷಣ ಕಾಯಿದೆಯಲ್ಲಿ, ವಜಾ ಆದವರು ಮೇಲ್ಮನವಿ ಸಲ್ಲಿಸಲು ಒಂದು ನ್ಯಾಯಮಂಡಳಿಯ ಏರ್ಪಾಡು ಇದೆ. ನೇಮಕದ ಪತ್ರವನ್ನೇ ಕೊಡದವನಿಗೆ ವಜಾದ ಆಜ್ಞೆ ಕೊಡುವ ತೊಂದರೆಯೂ ಇಲ್ಲ. ‘ನಾಳೆಯಿಂದ ಬರಬೇಡಿ’ ಎಂದರೆ ಮುಗಿಯಿತು.

“ಸರ್ಕಾರಿ ಮೇಷ್ಟರು ಪಾಠವನ್ನೇ ಮಾಡುವುದಿಲ್ಲ” ಎಂಬ ದೂರಿದೆ. ಮಾಡದವರು ಇದ್ದಾರೆ, ಅವರ ಪರವಾಗಿ ನಾನು ವಕಾಲತ್ತು ವಹಿಸಲಾರೆ. ಖಾಯಂ ಉಪಾಧ್ಯಾಯ ಮಿತ್ರರು ಪಕ್ಕದ ಕೊಠಡಿಯ ಅತಿಥಿಯ ಕೂಲಿಯ ಬಗ್ಗೆ ಎಷ್ಟು ಸಲ ಬಾಯಿ ತೆರೆದಿದ್ದಾರೆ, ತಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತಿದ್ದಾರೆ ಎಂದೂ ಕೇಳಬೇಕಾಗಿದೆ. ಸರ್ಕಾರದ ಸಂಬಳ ತಿನ್ನುವವರ ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕೆಂದು ಅಲಹಾಬಾದಿನ ಹೈಕೋರ್ಟು 2015ರಲ್ಲಿ ಆಜ್ಞೆ ಮಾಡಿತ್ತು. ಅದನ್ನು ಓದಿ ನಮ್ಮ ಪಕ್ಷದ ಕೆಲವರೂ ನೆಲ ನೋಡಿದ್ದುಂಟು. ಆದರೆ ಪಾಠ ಮಾಡುವವನನ್ನು ಪಾಠ ಮಾಡಲು ಬಿಟ್ಟಿದ್ದಾರೆಯೇ? 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟರುಗಳನ್ನೇ ಮನೆಮನೆಗೆ ಅಟ್ಟಿದರು. ಸಮೀಕ್ಷೆ ಬೇಕಾದದ್ದೇ, ಅದಕ್ಕೆ ನಮ್ಮ ವಿರೋಧವಿಲ್ಲ. ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಪಾಠ ತಪ್ಪಿದ್ದು ಯಾರ ಮಕ್ಕಳಿಗೆ?

ಭದ್ರಾವತಿಯವರಿಗೆ ಈ ಆಟ ಹೊಸದಲ್ಲ. ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾದದ್ದು, 2015ರಲ್ಲಿ ಯಂತ್ರ ನಿಂತಿತು. ಕಬ್ಬಿಣದ ಕಾರ್ಖಾನೆಗೆ ಸ್ವಂತ ಗಣಿ ಕೊಡದೆ, ಬಂಡವಾಳ ಹಾಕದೆ, ಖಾಯಂ ನೇಮಕ ನಿಲ್ಲಿಸಿ ಗುತ್ತಿಗೆಯವರಿಂದ ನಡೆಸಿದರು. ಆಮೇಲೆ ‘ನಷ್ಟ’ ಎಂದರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ತಿಂಗಳುಗಟ್ಟಲೆ ಧರಣಿ ಕುಳಿತವರು ಆ ಗುತ್ತಿಗೆ ಕಾರ್ಮಿಕರೇ. ಆಗ ಅವರನ್ನು ಯಾರಾದರೂ ‘ಕೆಲಸಗಳ್ಳರು, ಅದಕ್ಕೇ ಕಾರ್ಖಾನೆ ಮುಳುಗಿತು’ ಎಂದಿದ್ದರೆ ನೀವು ಸುಮ್ಮನೆ ಬಿಡುತ್ತಿದ್ದಿರಾ? ಶಾಲೆಯ ವಿಷಯದಲ್ಲಿ ಅದೇ ಮಾತನ್ನು ನೀವೇ ಆಡುತ್ತಿದ್ದೀರಿ. ಮೇಷ್ಟರಿಲ್ಲವೆಂದು ಮಗುವನ್ನು ಬಿಡಿಸುತ್ತೀರಿ. ಮಕ್ಕಳಿಲ್ಲವೆಂದು ಸರ್ಕಾರ ಹುದ್ದೆಯನ್ನು ಕಡಿಯುತ್ತದೆ.

ಇಂಗ್ಲಿಷ್ ಬೇಕೆಂಬ ನಿಮ್ಮ ಆಸೆಯನ್ನು ನಾನು ಹಂಗಿಸುವುದಿಲ್ಲ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದರು. ಬೋರ್ಡು ಬದಲಾದರೆ ಸಾಲದು, ಕಲಿಸುವವನು ವರ್ಷಪೂರ್ತಿ ಇರಬೇಕಷ್ಟೆ.

ಕೊಠಾರಿ ಆಯೋಗ 1966ರಲ್ಲೇ ಎಲ್ಲರಿಗೂ ನೆರೆಹೊರೆಯ ಒಂದೇ ಶಾಲೆ ಎಂದಿತ್ತು. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಾಳೆಯದಲ್ಲಿ ಬೆಳೆದು ಮುಖ್ಯಮಂತ್ರಿಗಳಾದವರು ಇಬ್ಬರು, ಬಂಗಾರಪ್ಪನವರು ಮತ್ತು ಜೆ.ಎಚ್. ಪಟೇಲರು. ಆ ಶಾಲೆ ಮಾತ್ರ ಬರಲಿಲ್ಲ. 2023ರಲ್ಲಿ ಶಾಲಾ ಶಿಕ್ಷಣ ಖಾತೆ ವಹಿಸಿಕೊಂಡ ಮಂತ್ರಿಗಳೂ ನಮ್ಮ ಜಿಲ್ಲೆಯ ಸೊರಬದವರೇ. ಖಾಲಿ ಹುದ್ದೆ ತುಂಬಿರಿ, ತುಂಬುವವರೆಗೆ ಅತಿಥಿಗಳಿಗೆ ಹನ್ನೆರಡು ತಿಂಗಳೂ ಸಂಬಳ ಕೊಡಿರಿ ಎಂದು ಅವರನ್ನು ಕೇಳಲು ನಾವು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಅವರು ಜಿಲ್ಲೆಗೆ ಬಂದಾಗ ಹತ್ತು ಜನ ಎದ್ದು ನಿಂತರೆ ಸಾಕು.

ಖಾಸಗಿ ಶಾಲೆಗೆ ಫೀಸು ಕಟ್ಟುವವರಿಗೂ ಒಂದು ಕೆಲಸವಿದೆ. ಈ ಸಲ ಹಣ ಎಣಿಸುವ ಮೊದಲು ಕೌಂಟರಿನಲ್ಲಿ ಮೂರು ಮಾತು ಕೇಳಿ: ನನ್ನ ಮಗುವಿನ ಮೇಷ್ಟರ ಓದೇನು, ಅವರಿಗೆ ನೇಮಕದ ಪತ್ರ ಕೊಟ್ಟಿದ್ದೀರಾ, ಸಂಬಳ ಬ್ಯಾಂಕಿಗೆ ಹಾಕುತ್ತೀರಾ? ಬಂದ ಉತ್ತರವನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕಿ. ನಿಮ್ಮ ಹೆಸರನ್ನಾಗಲಿ ಮೇಷ್ಟರ ಹೆಸರನ್ನಾಗಲಿ ಅಚ್ಚು ಮಾಡುವುದಿಲ್ಲ.